ಗೃಹ ನಿರ್ಮಾಣ ಸಹಕಾರ ಸಂಘದಲ್ಲಿ ನಿಮ್ಮ ಸದಸ್ಯತ್ವ, ನಿಮ್ಮ ಮತ: ತಕರಾರು ಬಂದಾಗ ಏನು ಮಾಡಬೇಕು?

ಗೃಹ ನಿರ್ಮಾಣ ಸಹಕಾರ ಸಂಘದ ಚುನಾವಣೆ ಹತ್ತಿರ ಬಂದಾಗ ಸದಸ್ಯರಿಗೆ ಮೊದಲ ಪೆಟ್ಟು ಬೀಳುವುದು ಸಂಘದ ನೋಟಿಸ್ ಬೋರ್ಡಿನ ಮುಂದೆ. 'ಅನರ್ಹ ಮತದಾರರ ಪಟ್ಟಿ' ಅಂತ ಒಂದಷ್ಟು ಹಾಳೆ ಅಂಟಿಸಿರುತ್ತಾರೆ. ಇಪ್ಪತ್ತು ವರ್ಷದಿಂದ ಷೇರು ಇಟ್ಟುಕೊಂಡವರು, ಸೈಟಿನ ಕಂತು ಪೂರ್ತಿ ಕಟ್ಟಿದವರು ತಮ್ಮ ಹೆಸರು ಅದರಲ್ಲಿ ಕಂಡು ದಂಗಾಗುತ್ತಾರೆ. ಅಷ್ಟು ಹೊತ್ತಿಗೆ ಆಕ್ಷೇಪಣೆ ಕೊಡಲು ಉಳಿದಿರುವುದು ಕೆಲವೇ ದಿನ. ಸಂಘದ ಚುನಾವಣೆಯನ್ನು ಗೆಲ್ಲುವುದು, ಸೋಲುವುದು ಎರಡೂ ಈ ಪಟ್ಟಿಯಲ್ಲೇ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೇ ಈ ಲೇಖನದಲ್ಲಿ ಕೋರ್ಟಿನ ಮಾತಿಗಿಂತ ಪಟ್ಟಿ, ರಸೀದಿ, ಹಾಜರಿ ಪುಸ್ತಕದ ಮಾತು ಜಾಸ್ತಿ ಇದೆ.

ಇಲ್ಲಿ ಹೇಳಿರುವುದೆಲ್ಲ ಕರ್ನಾಟಕದ ಸಂಘಗಳಿಗೆ ಸಂಬಂಧಿಸಿದ್ದು. ಬೇರೆ ರಾಜ್ಯಗಳಲ್ಲಿ ಕಾಯ್ದೆ ಬೇರೆ, ಕಲಂ ಸಂಖ್ಯೆ ಬೇರೆ, ಗಡುವೂ ಬೇರೆ.

ಮೊದಲು: ನಿಮ್ಮ ಸಂಘ ಯಾವ ಕಾಯ್ದೆಯ ಕೆಳಗೆ ಬರುತ್ತದೆ?

ಇದು ಸಣ್ಣ ಪ್ರಶ್ನೆ ಅನಿಸಬಹುದು. ಆದರೆ ಎಷ್ಟೋ ಕೇಸುಗಳು ಇಲ್ಲೇ ಬಿದ್ದುಹೋಗುತ್ತವೆ.

ಸೈಟು ಹಂಚುವ ಗೃಹ ನಿರ್ಮಾಣ ಸಹಕಾರ ಸಂಘಗಳು ಸಾಮಾನ್ಯವಾಗಿ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಅಡಿ ನೋಂದಣಿ ಆಗಿರುತ್ತವೆ. ಅಪಾರ್ಟ್‌ಮೆಂಟ್ ಮಾಲೀಕರ ಸಂಘದ ಕಥೆ ಹಾಗಲ್ಲ. ಕೆಲವು 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಅಡಿ ಇರುತ್ತವೆ. ಕೆಲವು 1960ರ ಸಂಘಗಳ ನೋಂದಣಿ ಕಾಯ್ದೆಯ ಅಡಿ ಇರುತ್ತವೆ. ಹೆಸರಿನಲ್ಲಿ 'ಸಂಘ' ಅಂತ ಇದ್ದ ಮಾತ್ರಕ್ಕೆ ಅದು ಸಹಕಾರ ಸಂಘ ಆಗುವುದಿಲ್ಲ. ಹಾಗಾಗಿ ನೋಂದಣಿ ಪತ್ರ ತೆಗೆಸಿ ನೋಡಿ. ಅದರ ಮೇಲೆ ಸಹಕಾರ ಸಂಘಗಳ ನಿಬಂಧಕರ (ರಿಜಿಸ್ಟ್ರಾರ್) ಸಹಿ, ಮುದ್ರೆ ಇದ್ದರೆ ಈ ಲೇಖನ ನಿಮಗಾಗಿ. ಇಲ್ಲದಿದ್ದರೆ ಸಹಕಾರ ಇಲಾಖೆಯ ಬಾಗಿಲು ತಟ್ಟಿ ಪ್ರಯೋಜನವಿಲ್ಲ. ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ವ್ಯವಹಾರ ಮಾಡುವ ಬಹುರಾಜ್ಯ ಸಹಕಾರ ಸಂಘವಾದರೆ ಅದಕ್ಕೆ ಕೇಂದ್ರದ 2002ರ ಕಾಯ್ದೆ ಇದೆ.

ಇನ್ನೊಂದು ಗೊಂದಲ ನಿವಾರಿಸಿಕೊಳ್ಳಿ. ಸಹಕಾರ ಸಂಘಗಳ ಬಗ್ಗೆ 2012ರಲ್ಲಿ ಜಾರಿಗೆ ಬಂದ ಸಂವಿಧಾನದ 97ನೇ ತಿದ್ದುಪಡಿಯನ್ನು ಹಿಡಿದು ವಾದ ಮಾಡುವವರು ಇನ್ನೂ ಇದ್ದಾರೆ. 2021ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯ ಸಹಕಾರ ಭಾಗವನ್ನು ಬಹುರಾಜ್ಯ ಸಂಘಗಳಿಗೆ ಮಾತ್ರ ಉಳಿಸಿತು. ಒಂದೇ ರಾಜ್ಯದೊಳಗಿನ ಸಂಘಗಳಿಗೆ ಅದು ಅನ್ವಯಿಸುವುದಿಲ್ಲ. ಆದ್ದರಿಂದ ನಮಗೆ ರಾಜ್ಯದ ಕಾಯ್ದೆ, 1960ರ ನಿಯಮಗಳು ಮತ್ತು ನಿಮ್ಮ ಸಂಘದ ಬೈಲಾ (ಸಂಘದ ಒಳನಿಯಮ), ಈ ಮೂರೇ ಆಧಾರ.

ಎರಡನೆಯದು: ನೀವು ಎಂಥ ಸದಸ್ಯರು?

'ನಾನು ಮೆಂಬರು' ಅಂತ ಹೇಳಿಕೊಂಡರೆ ಸಾಲದು. ಮತದ ಹಕ್ಕು ಇರುವುದು ಪೂರ್ಣ ಸದಸ್ಯರಿಗೆ. ಸಹ ಸದಸ್ಯರಿಗೆ, ನಾಮಮಾತ್ರ ಸದಸ್ಯರಿಗೆ ಮತ ಇಲ್ಲ. ಕೆಲವು ಸಂಘಗಳು ಸೈಟಿಗೆ ಮುಂಗಡ ತೆಗೆದುಕೊಳ್ಳುವಾಗ ಜನರನ್ನು ಸಹ ಸದಸ್ಯರನ್ನಾಗಿ ಮಾತ್ರ ಸೇರಿಸಿಕೊಂಡಿರುತ್ತವೆ. ಹಣ ಕಟ್ಟಿದವರಿಗೆ ಅದು ಗೊತ್ತೇ ಇರುವುದಿಲ್ಲ. ರಸೀದಿಯಲ್ಲಿ ಏನಿದೆ ನೋಡಿ. 'ಷೇರು ಹಣ', 'ಪ್ರವೇಶ ಶುಲ್ಕ' ಅಂತ ಬೇರೆ ಬೇರೆ ಬರೆದಿದೆಯೇ? ಷೇರು ಪತ್ರ ಕೊಟ್ಟಿದ್ದಾರೆಯೇ? ಸದಸ್ಯತ್ವ ಸಂಖ್ಯೆ ಯಾವ ಸರಣಿಯದು? ಇಷ್ಟು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಉಳಿದರ್ಧ ಸದಸ್ಯರ ರಿಜಿಸ್ಟರಿನಲ್ಲಿ ಇರುತ್ತದೆ. ಆಡಳಿತ ಮಂಡಳಿಯ ಯಾವ ಸಭೆಯಲ್ಲಿ, ಯಾವ ತಾರೀಕಿನ ನಿರ್ಣಯದ ಮೂಲಕ ನಿಮ್ಮನ್ನು ಸೇರಿಸಿಕೊಂಡರು ಅನ್ನುವುದು ಅಲ್ಲಿರಬೇಕು.

ಒಬ್ಬ ಸದಸ್ಯರಿಗೆ ಒಂದೇ ಮತ. ಹತ್ತು ಷೇರು ಇದ್ದರೂ, ಎರಡು ಸೈಟು ಇದ್ದರೂ ಅಷ್ಟೇ. ನಿಮ್ಮ ಪರವಾಗಿ ಮಗನೋ ತಮ್ಮನೋ ಹೋಗಿ ಮತ ಹಾಕುವ ಹಾಗಿಲ್ಲ. ಖುದ್ದು ಹೋಗಬೇಕು. ವಿದೇಶದಲ್ಲಿರುವ ಕನ್ನಡಿಗರು ಊರಿನಲ್ಲಿ ಅಣ್ಣನಿಗೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಕೊಟ್ಟು ನೆಮ್ಮದಿಯಾಗಿರುತ್ತಾರೆ. ಸೈಟಿನ ವ್ಯವಹಾರಕ್ಕೆ ಆ ಜಿಪಿಎ ಬಳಕೆಗೆ ಬರಬಹುದು, ಸಂಘದ ಮತಕ್ಕೆ ಬರುವುದಿಲ್ಲ.

ಬಡಾವಣೆಯಲ್ಲಿ ಮೂಲ ಹಂಚಿಕೆದಾರರಿಂದ ಸೈಟು ಕೊಂಡವರದು ಬೇರೆಯೇ ಪಾಡು. ಕ್ರಯಪತ್ರ ನಿಮ್ಮ ಹೆಸರಿಗಿದೆ, ಖಾತೆ ನಿಮ್ಮದು, ನಿರ್ವಹಣೆ ಹಣವನ್ನೂ ನೀವೇ ಕಟ್ಟುತ್ತಿದ್ದೀರಿ. ಆದರೂ ನೀವು ತಾನಾಗಿ ಸದಸ್ಯರಾಗುವುದಿಲ್ಲ. ಸೈಟಿನ ಮಾಲೀಕತ್ವ ಒಂದು ದಾರಿ, ಸಂಘದ ಸದಸ್ಯತ್ವ ಇನ್ನೊಂದು ದಾರಿ. ಬೈಲಾದಲ್ಲಿ ಹೇಳಿದ ಅರ್ಹತೆ ನಿಮಗಿದೆಯೇ ನೋಡಿಕೊಂಡು ಬೇರೆಯಾಗಿ ಅರ್ಜಿ ಹಾಕಬೇಕು. ನೌಕರರ ಗೃಹ ನಿರ್ಮಾಣ ಸಂಘವಾದರೆ ಆ ಇಲಾಖೆಯ ಅಥವಾ ಕಾರ್ಖಾನೆಯ ನೌಕರರಿಗಷ್ಟೇ ಸದಸ್ಯತ್ವ ಅಂತ ಬೈಲಾ ಹೇಳಬಹುದು. ಇಂಥ ಮಿತಿ ಕಾನೂನಿಗೆ ವಿರುದ್ಧ ಅಂತ ಸುಲಭವಾಗಿ ಹೇಳಲು ಬರುವುದಿಲ್ಲ. ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಅನ್ನುವ ಅಹಮದಾಬಾದಿನ ಒಂದು ವಸತಿ ಸಂಘದ ಬೈಲಾವನ್ನೂ ಸುಪ್ರೀಂ ಕೋರ್ಟ್ 2005ರಲ್ಲಿ ಎತ್ತಿಹಿಡಿದಿದೆ.

ಸದಸ್ಯರು ತೀರಿಹೋದ ಮನೆಗಳಲ್ಲಿ ಆಗುವ ಕಷ್ಟ ಇನ್ನೂ ದೊಡ್ಡದು. ಗಂಡ ಸದಸ್ಯರಾಗಿದ್ದರು, ಹೆಂಡತಿಯನ್ನು ನಾಮಿನಿ ಮಾಡಿದ್ದರು. ಅವರು ಹೋದ ಮೇಲೆ ಸಂಘದವರು 'ವಂಶವೃಕ್ಷ ತನ್ನಿ, ಕೋರ್ಟಿನಿಂದ ವಾರಸುದಾರಿಕೆ ಪತ್ರ ತನ್ನಿ, ಎಲ್ಲ ಮಕ್ಕಳ ಒಪ್ಪಿಗೆ ತನ್ನಿ' ಅಂತ ಓಡಾಡಿಸುತ್ತಾರೆ. ಪಶ್ಚಿಮ ಬಂಗಾಳದ ಒಂದು ವಸತಿ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಸ್ಪಷ್ಟವಾಗಿ ಹೇಳಿದೆ: ಸರಿಯಾದ ನಾಮನಿರ್ದೇಶನ ಇದ್ದರೆ ಸಂಘ ನಾಮಿನಿಯ ಹೆಸರಿಗೆ ವರ್ಗಾಯಿಸಲೇಬೇಕು. ಆಸ್ತಿಯಲ್ಲಿ ಪಾಲು ಯಾರಿಗೆ ಎಷ್ಟು ಅನ್ನುವ ಜಗಳ ಮನೆಯವರ ನಡುವಿನದು, ಅದನ್ನು ಸಿವಿಲ್ ಕೋರ್ಟು ನೋಡಿಕೊಳ್ಳುತ್ತದೆ. ಅದು ಅಲ್ಲಿನ ಕಾಯ್ದೆಯ ಮೇಲೆ ಬಂದ ತೀರ್ಪು, ಆದರೂ ನಿಮ್ಮ ಪತ್ರದಲ್ಲಿ ಉಲ್ಲೇಖಿಸಲು ಒಳ್ಳೆಯ ಬಲ. ನಿಮ್ಮ ಮನೆಯಲ್ಲಿ ಹಿರಿಯರು ಸದಸ್ಯರಾಗಿದ್ದರೆ, ನಾಮಿನಿ ಫಾರಂ ಕೊಟ್ಟಿದ್ದಾರೋ ಇಲ್ಲವೋ ಅಂತ ಈ ವಾರವೇ ಕೇಳಿ. ಕೊಟ್ಟಿದ್ದರೆ ಸಂಘದ ರಿಜಿಸ್ಟರಿನಲ್ಲಿ ನಮೂದಾಗಿದೆಯೇ ನೋಡಿ.

ಸದಸ್ಯತ್ವ ಕೊಡದಿದ್ದರೆ, ಕೊಟ್ಟಿದ್ದನ್ನು ಕಿತ್ತುಕೊಂಡರೆ

ಬಾಯಿಮಾತಿನ 'ಆಗಲ್ಲ'ಗೆ ಬೆಲೆ ಇಲ್ಲ. ಅರ್ಜಿಯನ್ನು ಬರಹದಲ್ಲಿ ಕೊಡಿ, ನಕಲಿನ ಮೇಲೆ ಸಂಘದ ಮುದ್ರೆ ಮತ್ತು ತಾರೀಕು ಹಾಕಿಸಿಕೊಳ್ಳಿ. ಕಚೇರಿಯಲ್ಲಿ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ ವಿವರದ ಪ್ರತಿ ತೆಗೆದಿಟ್ಟುಕೊಳ್ಳಿ. ಷೇರು ಹಣವನ್ನು ನಗದಾಗಿ ಕೊಡಬೇಡಿ. ಡಿಡಿ ಅಥವಾ ಬ್ಯಾಂಕ್ ವರ್ಗಾವಣೆ ಇರಲಿ. ಅರ್ಜಿ ತಿರಸ್ಕರಿಸಿದರೆ ಕಾರಣ ಬರೆದು ಕೊಡಿ ಅಂತ ಕೇಳಿ. ಸಂಘ ಸದಸ್ಯತ್ವ ನಿರಾಕರಿಸಿದರೆ ಅಥವಾ ಸದಸ್ಯರನ್ನು ವಜಾ ಮಾಡಿದರೆ ಸಹಕಾರ ಇಲಾಖೆಗೆ ಮೇಲ್ಮನವಿ ಹೋಗಲು ಕಾಯ್ದೆಯಲ್ಲಿ ಅವಕಾಶ ಇದೆ.

ವಜಾ ಮಾಡುವಾಗ ಸಂಘ ಮೊದಲು ನೋಟಿಸ್ ಕೊಡಬೇಕು, ಆರೋಪ ಏನು ಅಂತ ಹೇಳಬೇಕು, ನಿಮ್ಮ ಮಾತು ಕೇಳಬೇಕು, ಬೈಲಾದಲ್ಲಿ ಹೇಳಿದ ಕ್ರಮದಲ್ಲೇ ನಿರ್ಣಯ ಆಗಬೇಕು. ಮಹಾಸಭೆಯಲ್ಲಿ ಪ್ರಶ್ನೆ ಕೇಳಿದ್ದಕ್ಕೆ, ಲೆಕ್ಕ ಕೇಳಿದ್ದಕ್ಕೆ ವಜಾ ಮಾಡಿದ್ದರೆ ಗಾಬರಿ ಬೇಡ. ಸರಿಯಾದ ನೋಟಿಸ್ ಇಲ್ಲದ ವಜಾ ಆದೇಶ ಮೇಲ್ಮನವಿಯಲ್ಲಿ ನಿಲ್ಲುವುದು ಕಷ್ಟ.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಅರ್ಹತೆ ಇಲ್ಲದವರನ್ನು ರಾಶಿಗಟ್ಟಲೆ ಸೇರಿಸಿಕೊಳ್ಳುವುದು ನಮ್ಮ ರಾಜ್ಯದ ಗೃಹ ನಿರ್ಮಾಣ ಸಂಘಗಳ ಹಳೇ ರೋಗ. 1980ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸಂಘಗಳ ಅವ್ಯವಹಾರ ಪರಿಶೀಲಿಸಲು ಸರ್ಕಾರ ಜಿ.ವಿ.ಕೆ. ರಾವ್ ಸಮಿತಿ ನೇಮಿಸಬೇಕಾಯಿತು. ಮಧ್ಯವರ್ತಿಗಳ ಮೂಲಕ ನಡೆದ ಜಮೀನು ಸ್ವಾಧೀನವನ್ನು ಸುಪ್ರೀಂ ಕೋರ್ಟ್ 1995ರಲ್ಲಿ ಎಚ್‌ಎಂಟಿ ಗೃಹ ನಿರ್ಮಾಣ ಸಂಘದ ಪ್ರಕರಣದಲ್ಲಿ ಒಪ್ಪಲಿಲ್ಲ. 2012ರಲ್ಲಿ ಬೆಂಗಳೂರು ಸಿಟಿ ಸಹಕಾರ ವಸತಿ ಸಂಘದ ಪ್ರಕರಣದಲ್ಲೂ ಒಪ್ಪಲಿಲ್ಲ. ಇಂಥ ತೀರ್ಪು ಬಂದಾಗ ಪೆಟ್ಟು ಬೀಳುವುದು ಪ್ರಾಮಾಣಿಕವಾಗಿ ಕಂತು ಕಟ್ಟಿದ ಸಾಮಾನ್ಯ ಸದಸ್ಯರಿಗೂ ಸೇರಿ. ಹಾಗಾಗಿ ಬೇರೆಯವರ ಸದಸ್ಯತ್ವ ಹೇಗೆ ಬಂತು ಅಂತ ಕೇಳುವುದು ಚಾಡಿ ಹೇಳಿದ ಹಾಗಲ್ಲ. ಅದು ನಿಮ್ಮ ಹಣದ ಪ್ರಶ್ನೆ.

ಮೂರನೆಯದು: ಹಾಜರಿ ಮತ್ತು ಸುಸ್ತಿ (ಕಟ್ಟದೆ ಉಳಿದ ಬಾಕಿ)

ಹೆಚ್ಚಿನ ಹೆಸರುಗಳು ಪಟ್ಟಿಯಿಂದ ಹಾರಿಹೋಗುವುದು ಈ ಎರಡು ಕಾರಣಕ್ಕೆ.

ಮೊದಲು ಹಾಜರಿ. ಸಹಕಾರಿ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಸೆಪ್ಟೆಂಬರ್ ಒಳಗೆ ವಾರ್ಷಿಕ ಸರ್ವ ಸದಸ್ಯರ ಸಭೆ ನಡೆಯಬೇಕು. ಕಳೆದ 5 ವಾರ್ಷಿಕ ಸಭೆಗಳಲ್ಲಿ ಎಷ್ಟಕ್ಕೆ ಬಂದಿದ್ದಿರಿ ಅನ್ನುವುದರ ಮೇಲೆ ಮತದ ಹಕ್ಕು ನಿಲ್ಲುವ ಹಾಗೆ ಕಾಯ್ದೆಯ ಕಲಂ 20ಕ್ಕೆ ತಿದ್ದುಪಡಿ ತರಲಾಗಿದೆ. ಸಂಘದ ಕನಿಷ್ಠ ಸೇವೆ ಬಳಸಿರಬೇಕು ಅನ್ನುವ ಷರತ್ತೂ ಇದೆ. ಈ ಕಲಂ ಆಗಾಗ ತಿದ್ದುಪಡಿ ಆಗುತ್ತಿರುತ್ತದೆ. ನಿಮ್ಮ ಚುನಾವಣೆಯ ದಿನಕ್ಕೆ ಜಾರಿಯಲ್ಲಿರುವ ಪಠ್ಯವನ್ನೇ ನೋಡಿ. ಅಂಗಡಿಯಲ್ಲಿ ಸಿಗುವ ಹಳೇ ಪುಸ್ತಕ ನಂಬಬೇಡಿ.

ಈಗ ಸಭೆಯ ದಿನ ಏನಾಗುತ್ತದೆ ನೋಡಿ. ಕಲ್ಯಾಣ ಮಂಟಪದ ಬಾಗಿಲಲ್ಲಿ ಮೂರು ಟೇಬಲ್ ಹಾಕಿರುತ್ತಾರೆ. ಒಂದರಲ್ಲಿ ವಾರ್ಷಿಕ ವರದಿ ಪುಸ್ತಕ, ಇನ್ನೊಂದರಲ್ಲಿ ಸಿಹಿ ಪೊಟ್ಟಣದ ಅಥವಾ ಉಡುಗೊರೆಯ ಕೂಪನ್, ಮತ್ತೊಂದರಲ್ಲಿ ಹಾಜರಿ ಪುಸ್ತಕ. ಜನ ನುಗ್ಗಾಡುತ್ತಾ ಮೊದಲು ಸಿಕ್ಕ ಟೇಬಲ್ಲಿನಲ್ಲಿ ಸಹಿ ಹಾಕಿ ಒಳಗೆ ಹೋಗುತ್ತಾರೆ. ಎಷ್ಟೋ ಸಲ ಆ ಸಹಿ ಬಿದ್ದಿರುವುದು ಕೂಪನ್ ಕೊಟ್ಟದ್ದಕ್ಕೆ ಇಟ್ಟ ಬಿಡಿ ಹಾಳೆಯ ಮೇಲೆ. ಐದು ವರ್ಷ ಆದ ಮೇಲೆ ಚುನಾವಣೆ ಬಂದಾಗ ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರಿಲ್ಲ ಅನ್ನುತ್ತಾರೆ. ಬಿಡಿ ಹಾಳೆ ಎಲ್ಲಿ ಅಂದರೆ ಯಾರಿಗೂ ಗೊತ್ತಿರುವುದಿಲ್ಲ.

ಆದ್ದರಿಂದ ಸಭೆಗೆ ಹೋದಾಗ ಹಾಜರಿ ಪುಸ್ತಕ ಯಾವುದು ಅಂತ ಕೇಳಿ. ಅದರಲ್ಲಿ ಸದಸ್ಯತ್ವ ಸಂಖ್ಯೆಯ ಎದುರು ಸಹಿ ಮಾಡಿ. ಸಹಿ ಮಾಡಿದ ಪುಟದ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಪುಟದ ಮೇಲಿನ ಸಭೆಯ ತಾರೀಕೂ ಫೋಟೋದಲ್ಲಿ ಬರಲಿ. ವರದಿ ಪುಸ್ತಕ, ಸಭೆಯ ನೋಟಿಸ್ ಬಂದ ಲಕೋಟೆ ಎರಡನ್ನೂ ಎಸೆಯಬೇಡಿ. ಲಕೋಟೆ ಯಾಕೆ ಗೊತ್ತಾ? ಕೆಲವು ಸದಸ್ಯರಿಗೆ ಸಭೆಯ ನೋಟಿಸ್ ಬರುವುದೇ ಇಲ್ಲ. ಹಳೇ ಬಾಡಿಗೆ ಮನೆಯ ವಿಳಾಸಕ್ಕೆ ಹೋಗಿ ವಾಪಸ್ ಬಂದಿರುತ್ತದೆ. ನೋಟಿಸೇ ಕೊಡದೆ 'ಸಭೆಗೆ ಬರಲಿಲ್ಲ, ಮತ ಇಲ್ಲ' ಅನ್ನುವುದು ಅನ್ಯಾಯ ಅಂತ ವಾದಿಸಲು ಜಾಗ ಇದೆ. ಆದರೆ ವಿಳಾಸ ಬದಲಾದದ್ದನ್ನು ನೀವು ಬರಹದಲ್ಲಿ ತಿಳಿಸಿರಬೇಕು ಅಲ್ವಾ? ವಿಳಾಸ, ಫೋನ್, ಇಮೇಲ್ ಬದಲಾದರೆ ಸಂಘಕ್ಕೆ ಒಂದು ಪತ್ರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಇನ್ನು ಸುಸ್ತಿ. ಸುಸ್ತಿದಾರರಿಗೆ ಮತ ಇಲ್ಲ, ಸ್ಪರ್ಧಿಸುವ ಹಕ್ಕೂ ಇಲ್ಲ. ಗೃಹ ನಿರ್ಮಾಣ ಸಂಘಗಳಲ್ಲಿ ಇದು ಹೇಗೆ ಬರುತ್ತದೆ ಅಂದರೆ, ಯಾವುದೋ 'ಅಭಿವೃದ್ಧಿ ಶುಲ್ಕ' ಅಥವಾ 'ನಿರ್ವಹಣಾ ವೆಚ್ಚ' ಅಂತ ಒಂದು ಬಾಕಿ ಚುನಾವಣೆಯ ಹೊತ್ತಿಗೆ ಹುಟ್ಟಿಕೊಳ್ಳುತ್ತದೆ. ನಿಮಗೆ ಬೇಡಿಕೆ ನೋಟಿಸ್ ಬಂದಿರುವುದಿಲ್ಲ. ಪಟ್ಟಿಯಲ್ಲಿ ಮಾತ್ರ 'ಸುಸ್ತಿ' ಅಂತ ಬರೆದಿರುತ್ತದೆ. ಇಂಥ ಸಂದರ್ಭದಲ್ಲಿ ಹಟಕ್ಕೆ ಬಿದ್ದು ಹಣ ಕಟ್ಟದೆ ಕೂರುವುದಕ್ಕಿಂತ, 'ಆಕ್ಷೇಪಣೆಯೊಂದಿಗೆ ಪಾವತಿಸುತ್ತಿದ್ದೇನೆ' ಅಂತ ಪತ್ರ ಬರೆದು ಕಟ್ಟಿಬಿಡುವುದು ಜಾಣತನ. ಮೊತ್ತದ ಜಗಳವನ್ನು ಆಮೇಲೆ ಬೇರೆಯಾಗಿ ಮಾಡಬಹುದು. ಮತದ ಹಕ್ಕು ಕಳೆದುಕೊಂಡರೆ ಮುಂದಿನ 5 ವರ್ಷ ಅದೇ ಆಡಳಿತ ಮಂಡಳಿ ಇರುತ್ತದೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ 'ಮಾರ್ಚ್ 31ಕ್ಕೆ ನನ್ನ ಬಾಕಿ ಎಷ್ಟು?' ಅಂತ ಒಂದು ಪತ್ರ ಕೊಡುವ ರೂಢಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಬಾಕಿ ಇಲ್ಲ ಅಂತ ಅವರೇ ಬರೆದುಕೊಟ್ಟ ಮೇಲೆ ಸುಸ್ತಿ ಪಟ್ಟಿಗೆ ಹಾಕುವುದು ಸುಲಭವಲ್ಲ.

ನಾಲ್ಕನೆಯದು: ಕರಡು ಪಟ್ಟಿ ಬಂದ ದಿನದಿಂದ

ಚುನಾವಣೆಗೆ ಮೊದಲು ಅರ್ಹ ಮತ್ತು ಅನರ್ಹ ಮತದಾರರ ಕರಡು ಪಟ್ಟಿ ಪ್ರಕಟವಾಗುತ್ತದೆ. ಅದಕ್ಕೆ ಆಕ್ಷೇಪಣೆ ಕರೆಯುತ್ತಾರೆ, ಆಮೇಲೆ ಅಂತಿಮ ಪಟ್ಟಿ. ಚುನಾವಣೆ ನಡೆಸುವ ಹೊಣೆ ರಾಜ್ಯದ ಸಹಕಾರ ಚುನಾವಣಾ ಪ್ರಾಧಿಕಾರದ್ದು. ಸಂಘದ ಮಟ್ಟದಲ್ಲಿ ರಿಟರ್ನಿಂಗ್ ಅಧಿಕಾರಿಯನ್ನು ನೇಮಿಸುತ್ತಾರೆ.

ಪಟ್ಟಿ ಅಂಟಿಸಿದ ದಿನವೇ ಹೋಗಿ ಪ್ರತಿ ಪುಟದ ಫೋಟೋ ತೆಗೆಯಿರಿ. ನಿಮ್ಮ ಹೆಸರು ಮಾತ್ರ ನೋಡಿ ವಾಪಸ್ ಬರಬೇಡಿ. ಹೆಸರಿನ ಕಾಗುಣಿತ, ತಂದೆ ಅಥವಾ ಗಂಡನ ಹೆಸರು, ಸದಸ್ಯತ್ವ ಸಂಖ್ಯೆ ಎಲ್ಲ ಸರಿ ಇದೆಯೇ ನೋಡಿ. ತೀರಿಹೋದವರ ಹೆಸರು ಅರ್ಹರ ಪಟ್ಟಿಯಲ್ಲಿ ಇದೆಯೇ? ಒಬ್ಬರೇ ಎರಡು ಸಂಖ್ಯೆಯಲ್ಲಿ ಬಂದಿದ್ದಾರೆಯೇ? ಪಟ್ಟಿಯ ಕೊನೆಯಲ್ಲಿ ಸಾಲಾಗಿ ಹೊಸ ಸಂಖ್ಯೆಗಳಿವೆಯೇ? ಚುನಾವಣೆಯ ಹಿಂದಿನ ತಿಂಗಳುಗಳಲ್ಲಿ ಒಟ್ಟಿಗೆ ಸೇರಿದವರಿದ್ದರೆ, ಅವರನ್ನು ಸೇರಿಸಿಕೊಂಡ ನಿರ್ಣಯದ ತಾರೀಕು ಮತ್ತು ಷೇರು ಹಣದ ರಸೀದಿಯ ತಾರೀಕು ಎರಡನ್ನೂ ಕೇಳಿ. ಆ ಎರಡು ತಾರೀಕು ತಾಳೆಯಾಗದಿದ್ದರೆ ನಿಮ್ಮ ಕೈಯಲ್ಲಿ ಗಟ್ಟಿ ಆಧಾರ ಇದೆ ಅಂತ ಅರ್ಥ.

ಆಕ್ಷೇಪಣೆ ಪತ್ರ ಉದ್ದ ಇರಬೇಕಿಲ್ಲ. ಬೈಗುಳ, ಹಳೇ ಜಗಳ ಏನೂ ಬೇಡ. ಸುಮಾರು ಹೀಗಿದ್ದರೆ ಸಾಕು:

'ಇವರಿಗೆ, ಮುಖ್ಯ ಕಾರ್ಯನಿರ್ವಾಹಕರು ಮತ್ತು ರಿಟರ್ನಿಂಗ್ ಅಧಿಕಾರಿಗಳು. ವಿಷಯ: ಕರಡು ಮತದಾರರ ಪಟ್ಟಿಗೆ ಆಕ್ಷೇಪಣೆ. ನಾನು ಈ ಸಂಘದ ಪೂರ್ಣ ಸದಸ್ಯ, ಸದಸ್ಯತ್ವ ಸಂಖ್ಯೆ ಇಂತಿಷ್ಟು. ಇಂಥ ದಿನ ಪ್ರಕಟವಾದ ಕರಡು ಪಟ್ಟಿಯಲ್ಲಿ ನನ್ನ ಹೆಸರನ್ನು ಅನರ್ಹರ ಭಾಗದಲ್ಲಿ, ಸಭೆಗೆ ಗೈರುಹಾಜರಿ ಎಂಬ ಕಾರಣಕ್ಕೆ ಸೇರಿಸಲಾಗಿದೆ. ಇದರ ಬಗ್ಗೆ ನನಗೆ ಮುಂಚಿತ ನೋಟಿಸ್ ಬಂದಿಲ್ಲ. ಇಂತಿಂಥ ವರ್ಷಗಳ ವಾರ್ಷಿಕ ಸಭೆಗಳಿಗೆ ನಾನು ಹಾಜರಾಗಿ ಸಹಿ ಮಾಡಿದ್ದೇನೆ. ಹಾಜರಿ ಪುಸ್ತಕದ ಪುಟಗಳ ಫೋಟೋ ಪ್ರತಿ ಲಗತ್ತಿಸಿದ್ದೇನೆ. ನನ್ನ ಮಾತನ್ನು ಖುದ್ದು ಕೇಳಿ, ಹೆಸರನ್ನು ಅರ್ಹರ ಪಟ್ಟಿಗೆ ಸೇರಿಸಬೇಕು. ಒಪ್ಪದಿದ್ದರೆ ಕಾರಣ ಸಹಿತ ಆದೇಶವನ್ನು ಬರಹದಲ್ಲಿ ಕೊಡಬೇಕು.'

ಕೊನೆಯ ಸಾಲು ಬಹಳ ಮುಖ್ಯ. ಕಾರಣ ಸಹಿತ ಆದೇಶ ಇದ್ದರೆ ಅದನ್ನು ಪ್ರಶ್ನಿಸಬಹುದು. ಆದೇಶವನ್ನೇ ಕೊಡದಿದ್ದರೆ, ಕೊಡಲಿಲ್ಲ ಅನ್ನುವುದೇ ನಿಮ್ಮ ಆಧಾರ. ಒಂದೇ ತೊಂದರೆ ನೂರು ಜನಕ್ಕೆ ಆಗಿದ್ದರೂ ಒಂದೇ ಪತ್ರಕ್ಕೆ ನೂರು ಸಹಿ ಹಾಕಿಸಬೇಡಿ. ಪ್ರತಿಯೊಬ್ಬರೂ ಬೇರೆ ಬೇರೆ ಕೊಡಲಿ, ಯಾಕೆಂದರೆ ಪ್ರತಿಯೊಬ್ಬರ ಹಾಜರಿ, ಬಾಕಿ, ನೋಟಿಸ್ ಬೇರೆ.

ದಾಖಲೆ ತೋರಿಸಲು ಸಂಘ ಒಪ್ಪದಿದ್ದರೆ? ಕಾಯ್ದೆ, ಬೈಲಾ, ಸದಸ್ಯರ ಪಟ್ಟಿ ಇವು ಕಚೇರಿಯಲ್ಲಿ ಸದಸ್ಯರಿಗೆ ನೋಡಲು ಸಿಗಬೇಕಾದವು. ಉಳಿದದ್ದಕ್ಕೆ ಮಾಹಿತಿ ಹಕ್ಕು ಇದೆ, ಆದರೆ ಅರ್ಜಿ ಹಾಕುವ ಜಾಗ ಗೊತ್ತಿರಬೇಕು. ಸರ್ಕಾರದಿಂದ ಗಣನೀಯ ಹಣ ಪಡೆಯದ ಸಹಕಾರ ಸಂಘ ಮಾಹಿತಿ ಹಕ್ಕು ಕಾಯ್ದೆಗೆ ನೇರವಾಗಿ ಬರುವುದಿಲ್ಲ ಅಂತ 2013ರಲ್ಲಿ ಕೇರಳದ ತಲಪ್ಪಾಲಂ ಸಹಕಾರ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ: ನಿಬಂಧಕರು ಸರ್ಕಾರಿ ಪ್ರಾಧಿಕಾರ, ಕಾನೂನಿನ ಪ್ರಕಾರ ಅವರು ಸಂಘದಿಂದ ಪಡೆಯಬಹುದಾದ ಮಾಹಿತಿಯನ್ನು ನಾಗರಿಕರು ಅವರಿಂದ ಕೇಳಬಹುದು. ಹಾಗಾಗಿ ಅರ್ಜಿಯನ್ನು ಸಂಘಕ್ಕೆ ಕೊಡದೆ, ಸಂಘದ ಮೇಲೆ ಅಧಿಕಾರ ಇರುವ ಸಹಾಯಕ ನಿಬಂಧಕರ ಅಥವಾ ಉಪ ನಿಬಂಧಕರ ಕಚೇರಿಗೆ ಕೊಡಿ. ಉತ್ತರಕ್ಕೆ 30 ದಿನ ಹಿಡಿಯಬಹುದು. ಕರಡು ಪಟ್ಟಿ ಬಂದ ಮೇಲೆ ಅರ್ಜಿ ಹಾಕಿದರೆ ತಡ. ಆಡಳಿತ ಮಂಡಳಿಯ ಅವಧಿ ಮುಗಿಯಲು ಆರು ತಿಂಗಳು ಇರುವಾಗಲೇ ಹಾಕಿ.

ಹೈಕೋರ್ಟಿಗೆ ಯಾವಾಗ?

ಚುನಾವಣೆ ಪ್ರಕ್ರಿಯೆ ಶುರುವಾದ ಮೇಲೆ ಕೋರ್ಟುಗಳು ಅದನ್ನು ನಿಲ್ಲಿಸಲು ಹಿಂದೇಟು ಹಾಕುತ್ತವೆ. ಈ ತತ್ವ ಸುಪ್ರೀಂ ಕೋರ್ಟಿನ 1952ರ ಪೊನ್ನುಸ್ವಾಮಿ ತೀರ್ಪಿನಿಂದ ಬಂದದ್ದು. ಮತದಾರರ ಪಟ್ಟಿ ತಯಾರಿಕೆಯೂ ಚುನಾವಣೆಯ ಭಾಗವೇ, ಅಲ್ಲಿನ ತಪ್ಪನ್ನು ಚುನಾವಣೆ ಆದ ಮೇಲೆ ಪ್ರಶ್ನಿಸಿ ಅಂತ ಮಹಾರಾಷ್ಟ್ರದ ಒಂದು ಹಾಲು ಉತ್ಪಾದಕರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿದೆ. ಹಾಗಾಗಿ 'ಹೈಕೋರ್ಟಿಗೆ ಹೋಗಿ ಚುನಾವಣೆಗೇ ಸ್ಟೇ ತರುತ್ತೇವೆ' ಅನ್ನುವವರ ಮಾತು ಪೂರ್ತಿ ನಂಬಬೇಡಿ.

ಹಾಗಂತ ಬಾಗಿಲು ಮುಚ್ಚಿಲ್ಲ. ನೋಟಿಸ್ ಕೊಡದೆ ಅನರ್ಹರ ಪಟ್ಟಿಗೆ ಹಾಕಲ್ಪಟ್ಟವರು ರಿಟ್ ಅರ್ಜಿ (ಅಧಿಕಾರಿಗಳ ಕ್ರಮ ಪ್ರಶ್ನಿಸಿ ನೇರವಾಗಿ ಹೈಕೋರ್ಟಿಗೆ ಹಾಕುವ ಅರ್ಜಿ) ಹಾಕಿದಾಗ, ಅವರಿಗೆ ಮತ ಹಾಕಲು ಬಿಡಿ, ಫಲಿತಾಂಶ ಅರ್ಜಿಯ ತೀರ್ಪಿಗೆ ಒಳಪಟ್ಟಿರಲಿ ಅಂತ ನಮ್ಮ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟ ಉದಾಹರಣೆಗಳಿವೆ. ಅಂಥವರ ಮತಗಳನ್ನು ಬೇರೆ ಪೆಟ್ಟಿಗೆಯಲ್ಲಿ ಇಡಿಸಿದ್ದೂ ಇದೆ. ರಿಟ್ ಹಾಕುವಾಗ ನಿಬಂಧಕರು, ರಿಟರ್ನಿಂಗ್ ಅಧಿಕಾರಿ ಇವರ ಕ್ರಮವನ್ನು ಪ್ರಶ್ನಿಸಿ. ಸಂಘವೊಂದನ್ನೇ ಎದುರಿಗಿಟ್ಟುಕೊಂಡರೆ ರಿಟ್ ನಡೆಯುವುದೇ ಇಲ್ಲ ಅನ್ನುವ ತಕರಾರು ಬರುತ್ತದೆ. ಆದೇಶ ಸಿಕ್ಕಿದರೆ ಅದರ ಪ್ರತಿಯನ್ನು ಮತದಾನಕ್ಕೆ ಮೊದಲೇ ರಿಟರ್ನಿಂಗ್ ಅಧಿಕಾರಿಯ ಕೈಗೆ ಮುಟ್ಟಿಸಿ ಸ್ವೀಕೃತಿ ಪಡೆಯಿರಿ. ಮತದಾನದ ದಿನ ಗೇಟಿನಲ್ಲಿ ನಿಂತು ಆದೇಶ ತೋರಿಸಿ ವಾದ ಮಾಡುವ ಪರಿಸ್ಥಿತಿ ಬರಬಾರದು.

ನಾಮಪತ್ರ, ಮತದಾನ, ಎಣಿಕೆ

ಸ್ಪರ್ಧಿಸುವವರು ಸೂಚಕರ ಹೆಸರು ಅಂತಿಮ ಪಟ್ಟಿಯಲ್ಲಿ ಇದೆಯೇ ನೋಡಿಕೊಳ್ಳಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಮೀಸಲು ಸ್ಥಾನಗಳಿವೆ. ಮೀಸಲು ಸ್ಥಾನಕ್ಕೆ ನಿಲ್ಲುವವರು ಜಾತಿ ಪ್ರಮಾಣಪತ್ರ ಜೊತೆಗೇ ಕೊಡಬೇಕು. ಪರಿಶೀಲನೆ ದಿನ ಖುದ್ದು ಹಾಜರಿರಿ. ನಾಮಪತ್ರ ತಿರಸ್ಕರಿಸಿದರೆ ಕಾರಣವನ್ನು ಅಲ್ಲೇ ಬರೆಸಿಕೊಳ್ಳಿ.

ಎಣಿಕೆಯ ಹೊತ್ತಿನಲ್ಲಿ ಏಜೆಂಟರು ಇರಲಿ. ಮರುಎಣಿಕೆ ಬೇಕಿದ್ದರೆ ಫಲಿತಾಂಶ ಘೋಷಿಸುವ ಮೊದಲೇ ಬರಹದಲ್ಲಿ ಕೇಳಿ. ತಿರಸ್ಕೃತ ಮತಪತ್ರ ಎಷ್ಟು, ಯಾವ ಕಾರಣಕ್ಕೆ ಅಂತ ಬರೆದಿಟ್ಟುಕೊಳ್ಳಿ.

ಫಲಿತಾಂಶ ಬಂದ ಮೇಲೆ: ಕಲಂ 70

ಸಂಘದ ರಚನೆ, ಆಡಳಿತ, ವ್ಯವಹಾರಕ್ಕೆ ಸೇರಿದ ವಿವಾದಗಳನ್ನು ಕಲಂ 70ರ ಅಡಿ ನಿಬಂಧಕರ ಮುಂದೆ ತರಬೇಕು. ಅಧ್ಯಕ್ಷ, ಉಪಾಧ್ಯಕ್ಷ, ನಿರ್ದೇಶಕರ ಚುನಾವಣೆಯ ತಕರಾರೂ ಇದರಲ್ಲೇ ಬರುತ್ತದೆ. ಸಿವಿಲ್ ಕೋರ್ಟಿಗೆ ಇದರಲ್ಲಿ ಅಧಿಕಾರ ಇಲ್ಲ. ಊರಿನ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿ, ಅದು ವಜಾ ಆಗುವ ಹೊತ್ತಿಗೆ ಇಲ್ಲಿನ ಗಡುವು ಮುಗಿದಿರುವುದು ಬಹಳ ಸಲ ಆಗುವ ಅನಾಹುತ. ಚುನಾವಣಾ ತಕರಾರಿಗೆ ಕಾಯ್ದೆ ಕೊಟ್ಟಿರುವ ಕಾಲಾವಕಾಶ ತೀರಾ ಕಮ್ಮಿ. ಸಾಲ ವಸೂಲಿ ಕೇಸಿನ ಹಾಗೆ ವರ್ಷಗಟ್ಟಲೆ ಇರುವುದಿಲ್ಲ. ಫಲಿತಾಂಶ ಬಂದ ವಾರದೊಳಗೆ ವಕೀಲರ ಮುಂದೆ ಕೂತಿರಬೇಕು.

ಜನ ಆಡುಮಾತಿನಲ್ಲಿ ಇದನ್ನು 'ಎಆರ್ ಕೋರ್ಟ್ ಕೇಸು', 'ಡಿಆರ್ ಕೋರ್ಟ್ ಕೇಸು' ಅನ್ನುತ್ತಾರೆ. ನಿಬಂಧಕರ ಅಧಿಕಾರವನ್ನು ಸಹಾಯಕ, ಉಪ, ಜಂಟಿ ನಿಬಂಧಕರು ಚಲಾಯಿಸುವುದರಿಂದ ಈ ಹೆಸರು. ನಿಮ್ಮ ಸಂಘದ ಕೇಸು ಯಾರ ಮುಂದೆ ಬರುತ್ತದೆ ಅಂತ ಇಲಾಖೆಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ.

ಅರ್ಜಿಯಲ್ಲಿ ಮೂರು ವಿಷಯ ಸರಿಯಾಗಿರಬೇಕು. ಒಂದು, ಎದುರುದಾರರು. ಯಾರ ಆಯ್ಕೆ ರದ್ದಾಗಬೇಕು ಅನ್ನುತ್ತೀರೋ ಅವರೆಲ್ಲರನ್ನೂ ಸೇರಿಸಬೇಕು. ಸಂಘವೂ ರಿಟರ್ನಿಂಗ್ ಅಧಿಕಾರಿಯೂ ಇರಲಿ. ಒಬ್ಬರನ್ನು ಬಿಟ್ಟರೂ ಅದೇ ಕಾರಣಕ್ಕೆ ಅರ್ಜಿ ಬೀಳಬಹುದು.

ಎರಡು, ಪರಿಣಾಮ. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ತಪ್ಪು ನಡೆದಿದೆ ಅಂತ ತೋರಿಸಿದರೆ ಸಾಲದು. ಆ ತಪ್ಪಿನಿಂದ ಫಲಿತಾಂಶ ಬದಲಾಗಿದೆ ಅಂತ ತೋರಿಸಬೇಕು. ಉದಾಹರಣೆಗೆ, ಕೊನೆಯ ಸ್ಥಾನದಲ್ಲಿ ಗೆದ್ದವರಿಗೂ ಸೋತ ನಿಮಗೂ ನಡುವೆ 6 ಮತದ ಅಂತರ ಇದೆ ಅನ್ನಿ. ಅರ್ಹತೆ ಇಲ್ಲದ 40 ಜನ ಮತ ಹಾಕಿದ್ದಾರೆ ಅಂತ ಹೆಸರು, ಸದಸ್ಯತ್ವ ಸಂಖ್ಯೆ ಸಮೇತ ತೋರಿಸಿದರೆ ಕೇಸಿಗೆ ಜೀವ ಬರುತ್ತದೆ. ಅದೇ ಅಂತರ 300 ಮತ ಇದ್ದರೆ ಆ 40ರಿಂದ ಏನೂ ಆಗುವುದಿಲ್ಲ. ಅರ್ಜಿ ಹಾಕುವ ಮೊದಲು ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ನೋಡಿ. ಲೆಕ್ಕ ಕೂಡದಿದ್ದರೆ ಸುಮ್ನೆ ದುಡ್ಡು ಖರ್ಚು ಮಾಡಬೇಡಿ.

ಮೂರು, ಮಧ್ಯಂತರ ಕೋರಿಕೆ. ಮತಪತ್ರ, ಹಾಜರಿ ಪುಸ್ತಕ, ಸದಸ್ಯರ ರಿಜಿಸ್ಟರು, ನಡವಳಿ ಪುಸ್ತಕ ಇವನ್ನು ಮೊಹರು ಮಾಡಿ ಕಾಪಾಡಬೇಕು ಅಂತ ಮೊದಲ ದಿನವೇ ಕೇಳಿ. ಹೊಸ ಅಧ್ಯಕ್ಷರ ಆಯ್ಕೆ ನಿಲ್ಲಿಸಿ ಅನ್ನುವ ಕೋರಿಕೆಗಿಂತ ಇದು ಸಿಗುವ ಸಾಧ್ಯತೆ ಜಾಸ್ತಿ, ಮುಂದೆ ಉಪಯೋಗವೂ ಜಾಸ್ತಿ.

ಎಲ್ಲ ದೂರನ್ನೂ ಚುನಾವಣಾ ತಕರಾರಿನಲ್ಲೇ ತುರುಕಬೇಡಿ. ಲೆಕ್ಕಪತ್ರದ ಅವ್ಯವಹಾರಕ್ಕೆ ಕಲಂ 64ರ ವಿಚಾರಣೆ ಇದೆ. ಮೂರನೇ ಒಂದು ಭಾಗ ಸದಸ್ಯರು ಸೇರಿ ಕೇಳಬಹುದು, ನಿಬಂಧಕರು ಸ್ವಂತ ನಿರ್ಧಾರದಿಂದಲೂ ನಡೆಸಬಹುದು. ಹಣ ಕಟ್ಟಿಸಿಕೊಂಡು ಸೈಟು ಕೊಡದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಸಹಕಾರ ಕಾಯ್ದೆಯಲ್ಲಿ ಬೇರೆ ದಾರಿ ಇದೆ ಅನ್ನುವ ಕಾರಣಕ್ಕೆ ಸದಸ್ಯರಿಗೆ ಗ್ರಾಹಕ ವೇದಿಕೆಯ ಬಾಗಿಲು ಮುಚ್ಚುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ.

ಕಲಂ 70ರ ತೀರ್ಪು ನಿಮ್ಮ ವಿರುದ್ಧ ಬಂದರೆ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಮೇಲ್ಮನವಿ ಹೋಗುತ್ತದೆ. ಅಲ್ಲಿಂದ ಮುಂದೆ ಹೈಕೋರ್ಟ್. ತೀರ್ಪಿನ ದಿನವೇ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಇಲ್ಲೂ ಗಡುವಿದೆ, ಮತ್ತು ಸಂಘದ ಕೇಸುಗಳು ನಿಧಾನಕ್ಕೆ ನಡೆಯುವುದರಿಂದ 5 ವರ್ಷದ ಅವಧಿಯಲ್ಲಿ ಕಳೆದುಹೋಗುವ ಪ್ರತಿ ತಿಂಗಳೂ ಎದುರಿನವರಿಗೇ ಲಾಭ.

ವಕೀಲರ ಹತ್ತಿರ ಹೋಗುವಾಗ ಈ ಕಾಗದಗಳು ಒಂದೇ ಕಡತದಲ್ಲಿರಲಿ: ಷೇರು ಪತ್ರ, ಎಲ್ಲ ರಸೀದಿ, ಬೈಲಾದ ಪ್ರತಿ, ಕರಡು ಮತ್ತು ಅಂತಿಮ ಪಟ್ಟಿಯ ಫೋಟೋಗಳು, ಚುನಾವಣಾ ವೇಳಾಪಟ್ಟಿ, ನಿಮ್ಮ ಆಕ್ಷೇಪಣೆ ಪತ್ರ ಮತ್ತು ಅದರ ಸ್ವೀಕೃತಿ, ಫಲಿತಾಂಶದ ಪ್ರಕಟಣೆ. ಸಾಮಾನ್ಯ ಸಿವಿಲ್ ವಕೀಲರಿಗಿಂತ ಸಹಕಾರ ಇಲಾಖೆಯ ಕೋರ್ಟುಗಳಲ್ಲಿ ದಿನವೂ ಕೇಸು ನಡೆಸುವವರನ್ನು ಹುಡುಕಿ. ಎಆರ್, ಡಿಆರ್ ಕಚೇರಿಯ ಹೊರಗೆ ಕೇಸಿನ ದಿನ ಹೋಗಿ ಒಂದು ಗಂಟೆ ನಿಂತರೆ ಅವರು ಯಾರು ಅಂತ ಗೊತ್ತಾಗುತ್ತದೆ.